ಆಸಾ ಗ್ರೇ ಪಂಡಿತರು

ಮನುಷ್ಯನು ದೇವರ ಸ್ವರೂಪದಲ್ಲಿ ಉಂಟುಮಾಡಲ್ಪಟ್ಟವನಾದರೆ ಅವನ ಶರೀರಕ್ಕೂ ಪಶುಗಳ ಶರೀರಕ್ಕೂ ಇಷ್ಟು ಹೋಲಿಕೆ ಏಕೆಂದು ಶಾಲೆಗೆ ಹೋಗುವ ನಮ್ಮ ಮಕ್ಕಳು ಕೇಳುತ್ತಾರೆ. ಪ್ರಿಯ ವಾಚಕರೇ, ಈ ಪ್ರಶ್ನೆಗೆ ಹೆದರದೆ ಇದ್ದ ಒಬ್ಬ ವಿಶ್ವಾಸಿಯ ಚರಿತ್ರೆಯನ್ನು ಕೇಳಿರಿ.

ಆಸಾ ಗ್ರೇಯವರು 1810ನೇ ಇಸವಿಯಲ್ಲಿ ಅಮೇರಿಕಾ ದೇಶದ ನ್ಯೂಯಾರ್ಕ್ ಸಂಸ್ಥಾನದ ಸಾಕ್ವಾಯ್ಟ್ ಎಂಬಲ್ಲಿ ಹುಟ್ಟಿದರು. ತಂದೆಯವರದು ತೊಗಲು ಹದಮಾಡುವ ಕಸಬು. ಅದನ್ನು ಹೀನವೆಂದೆಣಿಸುವ ನಮ್ಮ ನೆರೆಯವರು ಇದನ್ನು ಗಮನಿಸಲಿ. ಗ್ರೇಯವರು 1831ರಲ್ಲಿ ವೈದ್ಯಪದವಿಯನ್ನು ಹೊಂದಿದರೂ ಗಿಡಬಳ್ಳಿಗಳ ಮೇಲಣ ಆಸೆಯು ಅವರನ್ನು ಬಿಡಲಿಲ್ಲ. 1842ರಲ್ಲಿ ಅವರು ಹಾರ್ವರ್ಡ್ ವಿದ್ಯಾಪೀಠದ ಅಧ್ಯಾಪಕರಾದರು.

ಇಂಗ್ಲೆಂಡಿನ ಡಾರ್ವಿನ್ ಪಂಡಿತರು ತಮ್ಮ ಸಿದ್ಧಾಂತವನ್ನು ಪ್ರಕಟಿಸುವುದಕ್ಕೆ ಮುಂಚೆ, 1857ರಲ್ಲಿ, ಅದನ್ನು ಗ್ರೇಯವರಿಗೆ ಪತ್ರದಲ್ಲಿ ಬರೆದು ತಿಳಿಸಿದರು. 1859ರಲ್ಲಿ ಅವರ ಗ್ರಂಥವು ಹೊರಟಾಗ ಅನೇಕ ಭಕ್ತರು ಕಳವಳಗೊಂಡರು. ಗ್ರೇಯವರಾದರೋ, ಜೀವಿಗಳು ಕ್ರಮಕ್ರಮವಾಗಿ ಮಾರ್ಪಟ್ಟವೆಂದು ಹೇಳಿದ ಮಾತ್ರಕ್ಕೆ ಸೃಷ್ಟಿಕರ್ತನಿಲ್ಲವೆಂದಾಗದೆಂದು ಬರೆದರು. ಡಾರ್ವಿನರು ಅದನ್ನು ಪೂರ್ತಿಯಾಗಿ ಒಪ್ಪದಿದ್ದರೂ ಅವರ ಸ್ನೇಹವು ಕೆಡಲಿಲ್ಲ.

ಅದೇ ವಿದ್ಯಾಪೀಠದಲ್ಲಿ ಲೂಯಿ ಅಗಾಸಿ ಎಂಬ ಪ್ರಖ್ಯಾತ ಪಂಡಿತರು ಬಿಳಿಯರೂ ಕರಿಯರೂ ಬೇರೆಬೇರೆಯಾಗಿ ಸೃಷ್ಟಿಸಲ್ಪಟ್ಟವರೆಂದು ಬೋಧಿಸುತ್ತಿದ್ದರು. ಆಗ ಆ ದೇಶದಲ್ಲಿ ಕರಿಯರು ಗುಲಾಮರಾಗಿದ್ದದರಿಂದ ಅವರ ಯಜಮಾನರಿಗೆ ಈ ಬೋಧನೆಯು ಬಹಳ ಅನುಕೂಲವಾಯಿತು. ಗ್ರೇಯವರು ಇದಕ್ಕೆ ಒಡಂಬಡಲಿಲ್ಲ. ಜಪಾನಿನ ಗಿಡಗಳನ್ನೂ ಪೂರ್ವ ಅಮೇರಿಕಾದ ಗಿಡಗಳನ್ನೂ ಹೋಲಿಸಿ ನೋಡಿ, ಎಷ್ಟು ದೂರ ಚದರಿದ್ದರೂ ಒಂದೇ ಬಗೆಯ ಗಿಡಗಳಿಗೆ ಮೂಲವು ಒಂದೇ ಎಂದು 1859ರಲ್ಲಿ ತೋರಿಸಿದರು. ಮನುಷ್ಯರೆಲ್ಲರೂ ಒಂದೇ ಮೂಲದವರೆಂದೂ ನಂಬಿದರು. ಮನುಷ್ಯರು ಒಂದೇ ಕುಲದವರೆಂದೂ ಅವರ ಪೂರ್ವಿಕರು ಆಫ್ರಿಕಾದಲ್ಲಿದ್ದರೆಂದೂ ವಂಶವಾಹಿಗಳನ್ನು ಪರೀಕ್ಷಿಸುವವರು ಇಂದು ಹೇಳುತ್ತಾರೆ. ಹುಟ್ಟಿನ ನಿಮಿತ್ತ ಊರ ಹೊರಗೆ ನಿಲ್ಲಿಸಲ್ಪಟ್ಟವರ ಮಕ್ಕಳಿಗೆ ಇದು ಚಿಕ್ಕ ಸಂಗತಿಯಲ್ಲ.

1880ರಲ್ಲಿ ಗ್ರೇಯವರು ಯೇಲ್ ವಿದ್ಯಾಪೀಠದ ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ ಉಪನ್ಯಾಸ ಮಾಡಿದರು. ಪಶುಗಳ ಸಂಗಡ ನಮಗಿರುವ ಸಂಬಂಧವನ್ನು ಮರೆಮಾಡಲು ಬಯಸುವುದು ಅಲ್ಪತನವೆಂದೂ, ಅದನ್ನು ತಿಳಿದವನು ಹೆಚ್ಚು ದಯಾಳುವಾದಾನೆಂದೂ, ಮನುಷ್ಯನು ಗೌರವಿಸತಕ್ಕ ಹಕ್ಕುಗಳು ಅವುಗಳಿಗುಂಟೆಂದೂ ಹೇಳಿದರು. ಮನುಷ್ಯನ ಹೆಚ್ಚಳವು ಇಲ್ಲಿಯೇ ಕಾಣುತ್ತದೆಂದು ನನಗೆ ತೋರುತ್ತದೆ. ಉಳುವವನು ಎತ್ತಿನ ಹೆಗಲಿನ ಹುಣ್ಣಿಗಾಗಿ ದೇವರಿಗೆ ಲೆಕ್ಕ ಕೊಡಬೇಕು. ಎತ್ತಿಗೆ ಅಂಥ ಲೆಕ್ಕವುಂಟೇ?

ಡಾರ್ವಿನರ ಸಿದ್ಧಾಂತವನ್ನು ತನ್ನ ರೀತಿಯಲ್ಲಿ ಒಪ್ಪಿದವನೆಂದೂ ನೈಸೀಯ ವಿಶ್ವಾಸಪ್ರಮಾಣವನ್ನು ಸ್ವೀಕರಿಸಿದವನೆಂದೂ ತಮ್ಮನ್ನು ಕುರಿತು ಒಂದೇ ಪುಟದಲ್ಲಿ ಬರೆದುಕೊಂಡಿದ್ದ ಗ್ರೇಯವರು 1888ನೇ ಇಸವಿ ಜನವರಿ 30ರಂದು ಕೇಂಬ್ರಿಜ್ ಪಟ್ಟಣದಲ್ಲಿ ನಿದ್ರೆಹೋದರು. ಅವರು ಕೂಡಿಸಿ ಒಣಗಿಸಿಟ್ಟಿದ್ದ ಗಿಡಗಳ ಸಂಗ್ರಹವು ಹಾರ್ವರ್ಡಿನಲ್ಲಿ ಅವರ ಹೆಸರಿನಿಂದಲೇ ಉಳಿದಿದೆ.