ಸೊನ್ನಲಿಗೆಯಿಂದ ಕಲ್ಯಾಣಕ್ಕೆ: ಜಯದೇವಿತಾಯಿ ಲಿಗಾಡೆ



ಜಹೀರಾಬಾದಿನಲ್ಲಿ ಪಶ್ಚಿಮದ ಕಡೆ ಹೋಗುವ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ಗಡಿ ದಾಟುತ್ತೇವೆ. ಮುಂದೆ ಹುಮನಾಬಾದ್, ಬಸವಕಲ್ಯಾಣದ ತಿರುವು, ಆಮೇಲೆ ಇನ್ನೊಂದು ಗಡಿ, ಉಮರ್ಗಾ, ನಳದುರ್ಗ, ಕೊನೆಗೆ ಸೊಲ್ಲಾಪುರ. ಒಂದೇ ರಸ್ತೆ, ಮೂರು ರಾಜ್ಯ. ಉದ್ದಕ್ಕೂ ಅಂಗಡಿಯ ಫಲಕಗಳ ಅಕ್ಷರ ಬದಲಾಗುತ್ತವೆ, ಮನೆಯೊಳಗಿನ ಮಾತು ಅಷ್ಟು ಬೇಗ ಬದಲಾಗುವುದಿಲ್ಲ. ಈ ರಸ್ತೆಯ ಆ ತುದಿಯಲ್ಲಿ ಹುಟ್ಟಿ, ನಮಗೆ ಹತ್ತಿರವಾದ ಕಲ್ಯಾಣಕ್ಕೆ ಬಂದು ನೆಲೆಸಿದ ಒಬ್ಬ ಹೆಣ್ಣುಮಗಳ ಬದುಕನ್ನು ಈ ಸಲ ನೆನೆಯಬೇಕೆಂದು ನಮಗೆ ಅನಿಸಿತು. ಅವರೇ ಜಯದೇವಿತಾಯಿ ಲಿಗಾಡೆ.

ಜಯದೇವಿಯವರು ಹುಟ್ಟಿದ್ದು 1912ರ ಜೂನ್ 23ರಂದು, ಸೊಲ್ಲಾಪುರದಲ್ಲಿ. ತಂದೆ ಚೆನ್ನಬಸಪ್ಪ ಮಡಕಿ, ತಾಯಿ ಸಂಗಮ್ಮ. ಉಳ್ಳವರ ಮನೆ, ಶರಣ ಸಂಸ್ಕಾರದ ಮನೆ. ಅಂದಿನ ವಾಡಿಕೆಯಂತೆ ಎಳೆ ವಯಸ್ಸಿನಲ್ಲೇ ಚೆನ್ನಮಲ್ಲಪ್ಪ ಲಿಗಾಡೆಯವರೊಂದಿಗೆ ಮದುವೆಯಾಯಿತು. ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡ ಮನೆಯ ಮಾತು, ಪೂಜೆಯ ಮಾತು, ಅಡುಗೆಮನೆಯ ಮಾತು. ಅಕ್ಷರವನ್ನು ಅವರು ಮುಂದೆ ತಾವಾಗಿಯೇ ಕಲಿತುಕೊಂಡರು. ನಾರಾಯಣಖೇಡ, ತಾಂಡೂರಿನ ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೇ ಸ್ಥಿತಿ ಇದೆ. ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆದ್ದರಿಂದ ಅವರ ಬದುಕಿನ ಈ ಮೊದಲ ಮೆಟ್ಟಿಲನ್ನು ನಾವು ಮುಖ್ಯವೆಂದು ಎಣಿಸುತ್ತೇವೆ.

ಸೊಲ್ಲಾಪುರ ಆಗ ಗಿರಣಿಗಳ ಊರು. ಮರಾಠಿಯವರು, ಕನ್ನಡದವರು, ಉರ್ದು ಮಾತಾಡುವವರು ಅಲ್ಲಿದ್ದರು. ನಮ್ಮ ತೆಲಂಗಾಣದ ಕಡೆಯಿಂದ ಮಗ್ಗದ ಕೆಲಸಕ್ಕೆ ಹೋಗಿ ನೆಲೆಸಿದ ಪದ್ಮಶಾಲಿ ಮನೆತನಗಳೂ ಇದ್ದವು. ಎಂದರೆ ನಮ್ಮ ಊರುಗಳ ಹಾಗೆಯೇ ನಾಲ್ಕು ಭಾಷೆಯ ಊರು. ಈ ಎಲ್ಲರಿಗೂ ಆ ಊರಿನ ನಡುವಿನ ಕೆರೆ, ಕೆರೆಯೊಳಗಿನ ಗುಡಿ ಗೊತ್ತು. ಸಂಕ್ರಾಂತಿಗೆ ನಂದಿಧ್ವಜಗಳನ್ನು ಹೊತ್ತು ನಡೆಸುವ ಸಿದ್ಧೇಶ್ವರನ ಜಾತ್ರೆ ಗೊತ್ತು. ಆದರೆ ಆ ಸಿದ್ಧೇಶ್ವರ ಯಾರು, ಯಾವ ಭಾಷೆಯಲ್ಲಿ ಮಾತಾಡಿದ, ಈ ಊರಿಗೆ ಸೊನ್ನಲಿಗೆ ಎಂಬ ಹೆಸರಿತ್ತೇ ಎಂದು ಕೇಳಿದರೆ ಹೇಳುವವರು ಕಡಿಮೆಯಾಗುತ್ತಿದ್ದರು. ಜಾತ್ರೆ ಉಳಿದಿತ್ತು, ಕಥೆ ಜಾರುತ್ತಿತ್ತು.

ಸಿದ್ಧರಾಮ 12ನೆಯ ಶತಮಾನದ ಶರಣ. ಕೆರೆ ಕಟ್ಟಿಸಿದವನು, ಗುಡಿ ಕಟ್ಟಿಸಿದವನು, ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಕನ್ನಡ ವಚನಗಳನ್ನು ಬರೆದವನು. ಕೆರೆಯ ಕೆಲಸದಲ್ಲಿ ಮುಳುಗಿದ್ದ ಅವನನ್ನು ಅಲ್ಲಮಪ್ರಭು ಸೊನ್ನಲಿಗೆಯಿಂದ ಕಲ್ಯಾಣಕ್ಕೆ ಕರೆತಂದನೆಂದು ಶೂನ್ಯಸಂಪಾದನೆ ಹೇಳುತ್ತದೆ. 13ನೆಯ ಶತಮಾನದಲ್ಲಿ ರಾಘವಾಂಕ ಅವನ ಚರಿತ್ರೆಯನ್ನು ಷಟ್ಪದಿಯಲ್ಲಿ ಬರೆದ. ಆದರೆ ಹಳಗನ್ನಡದ ಆ ಕಾವ್ಯ ಗಿರಣಿಗೆ ಹೋಗುವ ಹೆಣ್ಣುಮಕ್ಕಳ ಕೈಗೆ ಎಟುಕುವಂಥದ್ದಲ್ಲ. ಆ ಕೈಗಳಿಗೆ ಎಟುಕುವಂತೆ ಈ ಕಥೆಯನ್ನು ಮತ್ತೆ ಕಟ್ಟಬೇಕೆಂದು ಜಯದೇವಿತಾಯಿ ಹೊರಟರು. ಅದು ಅವರ ಬದುಕಿನ ದೊಡ್ಡ ಕೆಲಸವಾಯಿತು.

ಅವರು ಬೆಳೆದ ಕಾಲವೂ ಅಂಥದ್ದೇ ಆಗಿತ್ತು. ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ಮನೆಮನೆಯ ತಾಡೋಲೆಗಳನ್ನು ಹುಡುಕಿ ವಚನಗಳನ್ನು ಅಚ್ಚು ಹಾಕಿಸುತ್ತಿದ್ದರು. ಭೀಮಾ ತೀರದ ಹಲಸಂಗಿಯ ಗೆಳೆಯರು ಹೆಂಗಸರು ಬೀಸುವಾಗ ಕುಟ್ಟುವಾಗ ಹಾಡುವ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ ಗರತಿಯ ಹಾಡು ಎಂಬ ಪುಸ್ತಕ ತಂದರು. ಓಲೆಯಲ್ಲಿದ್ದದ್ದು ಒಂದು ಕಡೆ, ಬಾಯಲ್ಲಿದ್ದದ್ದು ಇನ್ನೊಂದು ಕಡೆ. ಜಯದೇವಿತಾಯಿ ಈ ಎರಡನ್ನೂ ಒಂದುಗೂಡಿಸಿದರು. ವಿಷಯವನ್ನು ಶರಣರ ಚರಿತ್ರೆಯಿಂದ ತೆಗೆದುಕೊಂಡರು, ಧಾಟಿಯನ್ನು ಬೀಸುಕಲ್ಲಿನಿಂದ ತೆಗೆದುಕೊಂಡರು. ಹೀಗೆ ಹುಟ್ಟಿದ್ದು ಶ್ರೀ ಸಿದ್ಧರಾಮೇಶ್ವರ ಪುರಾಣ. 4 ಸಾವಿರಕ್ಕೂ ಮಿಕ್ಕಿದ ತ್ರಿಪದಿಗಳ ಕಾವ್ಯ ಅದು.

ಹೆಸರೇ ಹೇಳುವಂತೆ ಅದು ಪುರಾಣ. ಇಸವಿ ಹಿಡಿದು ಶಾಸನ ತೂಗಿ ಬರೆದ ಇತಿಹಾಸವಲ್ಲ. ಭಕ್ತಿ ಅದರಲ್ಲಿ ಮುಂದೆ, ಪುರಾವೆ ಹಿಂದೆ. ಆದರೂ ಒಂದು ಊರಿನ ಕೆರೆ, ಗುಡಿ, ಹಳೆಯ ಹೆಸರು, ಅಲ್ಲಿ ಬಾಳಿದವರ ನೆನಪು ಎಲ್ಲವನ್ನೂ ಹಾಡಿಕೊಳ್ಳಬಹುದಾದ ಮಟ್ಟಿನಲ್ಲಿ ಕೂಡಿಸಿಟ್ಟದ್ದು ಸಣ್ಣ ಕೆಲಸವಲ್ಲ. ಮೂರು ಸಾಲಿನ ಪದ ಓದು ಬಾರದವರ ಬಾಯಲ್ಲೂ ನಿಲ್ಲುತ್ತದೆ. ಪುಸ್ತಕ ಕಳೆದುಹೋದರೂ ಪದ ಉಳಿಯುತ್ತದೆ.

ಅವರು ಬರೆಯುತ್ತಾ ಮನೆಯಲ್ಲೇ ಕೂತವರಲ್ಲ. ಸೊಲ್ಲಾಪುರದ ಹೆಣ್ಣುಮಕ್ಕಳನ್ನು ಒಂದೆಡೆ ಸೇರಿಸಿದರು. ಊರಿನ ಮಕ್ಕಳಿಗೆ ಕನ್ನಡ ಶಾಲೆ ಬೇಕೆಂದು ದುಡಿದರು. ಕರ್ನಾಟಕದ ಏಕೀಕರಣಕ್ಕಾಗಿ ನಡೆದ ಚಳವಳಿಯಲ್ಲಿ ಮುಂದೆ ನಿಂತರು. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೊಲ್ಲಾಪುರದಲ್ಲೇ ನಡೆಯಿತು. ಎಂ. ಆರ್. ಶ್ರೀನಿವಾಸಮೂರ್ತಿಯವರು ಅಧ್ಯಕ್ಷರು, ಸ್ವಾಗತದ ಹೊಣೆ ಜಯದೇವಿತಾಯಿಯವರದು. ಮರಾಠಿ ಶಾಲೆಯಲ್ಲಿ ಕಲಿತ ಹೆಣ್ಣುಮಗಳು ಕನ್ನಡ ನಾಡಿನ ಸಾಹಿತಿಗಳನ್ನೆಲ್ಲ ತನ್ನ ಊರಿಗೆ ಬರಮಾಡಿಕೊಂಡಳು ಎಂಬುದನ್ನು ನೆನೆದರೆ ನಮಗೆ ಇಂದೂ ಹೆಮ್ಮೆ.

ಆಮೇಲೆ ಬಂತು 1956ರ ನವೆಂಬರ್ 1. ಆ ದಿನವನ್ನು ನಾವೂ ಮರೆಯುವಂತಿಲ್ಲ. ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಬೀದರ ಜಿಲ್ಲೆಯಲ್ಲಿದ್ದ ಜಹೀರಾಬಾದ್, ನಾರಾಯಣಖೇಡ, ಕಲಬುರಗಿ ಜಿಲ್ಲೆಯಲ್ಲಿದ್ದ ತಾಂಡೂರು, ಕೊಡಂಗಲ್ ಆಂಧ್ರಪ್ರದೇಶಕ್ಕೆ ಹೋದವು. ಬೀದರ, ಕಲಬುರಗಿ ಮೈಸೂರು ರಾಜ್ಯಕ್ಕೆ ಬಂದವು. ಸೊಲ್ಲಾಪುರ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಜಯದೇವಿತಾಯಿ ಯಾವುದಕ್ಕಾಗಿ ಹೋರಾಡಿದ್ದರೋ ಅದು ಅವರ ಊರಿಗೆ ಮಾತ್ರ ದಕ್ಕಲಿಲ್ಲ. 1967ರ ಮಹಾಜನ ವರದಿ ಅಕ್ಕಲಕೋಟೆಯನ್ನು, ದಕ್ಷಿಣ ಸೊಲ್ಲಾಪುರವನ್ನು ಕರ್ನಾಟಕಕ್ಕೆ ಸೇರಿಸಲು ಹೇಳಿತು. ಸೊಲ್ಲಾಪುರ ನಗರ ಆಗಲೂ ಹೊರಗೇ ಉಳಿಯಿತು, ವರದಿಯೂ ಜಾರಿಯಾಗಲಿಲ್ಲ.

ಸೋತವರು ಕಹಿಯಾಗುವುದು ಸಹಜ. ತಾಯಿಯವರು ಬೇರೆ ದಾರಿ ಹಿಡಿದಿದ್ದರು. ಕನ್ನಡಕ್ಕಾಗಿ ಹೋರಾಡಿದ ಅದೇ ಕೈ ಮರಾಠಿಯಲ್ಲೂ ಬರೆಯಿತು. ಬಸವಣ್ಣನವರನ್ನು, ಸಿದ್ಧರಾಮನನ್ನು, ಅಕ್ಕಮಹಾದೇವಿಯನ್ನು ಮರಾಠಿ ಓದುಗರಿಗೆ ಪರಿಚಯಿಸಿದರು. ಸಿದ್ಧವಾಣಿ, ಮಹಾಯೋಗಿನಿ ಅವರ ಮರಾಠಿ ಪುಸ್ತಕಗಳು. ಪಕ್ಕದ ಮನೆಯವರಿಗೆ ನಮ್ಮ ಹಿರಿಯರ ಕಥೆ ಅವರ ಭಾಷೆಯಲ್ಲೇ ತಿಳಿದರೆ ಆ ಕಥೆ ಇನ್ನೊಂದು ಮನೆಯಲ್ಲೂ ಉಳಿಯುತ್ತದೆ. ಅವರ ಹೆಸರಿನಲ್ಲೂ ಈ ಎರಡೂ ಕಡೆ ಸೇರಿವೆ ಎಂದು ನಮಗೆ ಅನಿಸುತ್ತದೆ. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ, ಕನ್ನಡದಲ್ಲಿ ತಾಯಿ ಎಂದರೆ ಅವ್ವ.

1974ರಲ್ಲಿ ಮಂಡ್ಯದಲ್ಲಿ ನಡೆದ 48ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಜಯದೇವಿತಾಯಿ ಅಧ್ಯಕ್ಷರಾದರು. ಸಮ್ಮೇಳನಗಳು ಶುರುವಾದದ್ದು 1915ರಲ್ಲಿ. ಅಲ್ಲಿಂದ 59 ವರ್ಷ ಆ ಪೀಠದಲ್ಲಿ ಒಬ್ಬ ಹೆಣ್ಣುಮಗಳೂ ಕೂತಿರಲಿಲ್ಲ. ಮೊದಲು ಕೂತವರು ರಾಜ್ಯದ ಗಡಿಯಾಚೆಯ ಊರಿನಲ್ಲಿ ಹುಟ್ಟಿ ಬೆಳೆದವರು. ಅವರ ನಂತರ ಇನ್ನೊಬ್ಬ ಮಹಿಳೆ, ಶಾಂತಾದೇವಿ ಮಾಳವಾಡ, ಆ ಪೀಠಕ್ಕೆ ಬಂದದ್ದು 2000ದಲ್ಲಿ, ಬಾಗಲಕೋಟೆಯಲ್ಲಿ. ನಡುವೆ 26 ವರ್ಷ ಕಳೆದಿತ್ತು.

ಕೊನೆಯ ಕಾಲದಲ್ಲಿ ಜಯದೇವಿತಾಯಿ ಬಸವಕಲ್ಯಾಣಕ್ಕೆ ಬಂದು ನೆಲೆಸಿದರು. ಚಾಲುಕ್ಯರ ರಾಜಧಾನಿಯಾಗಿದ್ದ ಊರು, ಬಸವಣ್ಣನವರು ಬಾಳಿದ ಊರು. ತಾವು ಹಾಡಿದ ಸಿದ್ಧರಾಮ ಸೊನ್ನಲಿಗೆಯಿಂದ ಕಲ್ಯಾಣಕ್ಕೆ ನಡೆದು ಬಂದ ದಾರಿಯಲ್ಲೇ ಅವರೂ ಬಂದರು. 1986ರಲ್ಲಿ ತೀರಿಕೊಂಡರು. ನಮ್ಮ ಹಿರಿಯರು ಬಿತ್ತುತ್ತಿದ್ದ, ಜಾತ್ರೆಗೆ ಹೋಗುತ್ತಿದ್ದ, ಹೆಣ್ಣು ಕೊಟ್ಟು ತರುತ್ತಿದ್ದ ಅದೇ ಬೀದರ ಸೀಮೆಯಲ್ಲಿ ಅವರ ಕೊನೆಯ ವರ್ಷಗಳು ಕಳೆದವು.

ಈಗ ನಮ್ಮ ಮಾತು. ನಮ್ಮ ಮಕ್ಕಳು ತೆಲುಗು, ಇಂಗ್ಲಿಷ್, ಉರ್ದು ಶಾಲೆಗಳಲ್ಲಿ ಓದುತ್ತಿದ್ದಾರೆ. ಅದರಲ್ಲಿ ತಪ್ಪೇನಿಲ್ಲ, ಹೊಟ್ಟೆಪಾಡಿನ ದಾರಿ ಅದು. ಎಳ್ಳಾಮಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಇನ್ನೂ ನಿಂತಿಲ್ಲ. ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ಎರಡೂ ರಾಜ್ಯದವರು ಬರುತ್ತಾರೆ. ಆದರೆ ಆ ದಿನ ಅಜ್ಜಿ ಹಾಡುತ್ತಿದ್ದ ಪದ ಯಾವುದು, ಹೊಲದ ಹಳೆಯ ಹೆಸರು ಏನು, ಗುಡಿಯ ಮುಂದಿನ ಕಲ್ಲಿನ ಮೇಲಿನ ಬರಹ ಯಾವ ಲಿಪಿಯದು ಎಂದು ಕೇಳಿದರೆ ನಾವು ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಸೊಲ್ಲಾಪುರದಲ್ಲಿ ಆದದ್ದೂ ಇದೇ. ಜಾತ್ರೆ ಉಳಿಯುತ್ತದೆ, ಕಥೆ ಮೊದಲು ಹೋಗುತ್ತದೆ.

ಈ ನೆಲದಲ್ಲಿ ಕನ್ನಡದ ಗುರುತುಗಳಿಗೆ ಕೊರತೆಯಿಲ್ಲ. ದೂರದ ಕರೀಂನಗರದ ಕಡೆ ಕುರ್ಕ್ಯಾಲದ ಬಂಡೆಯ ಮೇಲೆ ಆದಿಕವಿ ಪಂಪನ ತಮ್ಮ ಜಿನವಲ್ಲಭ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಬರೆಸಿದ ಶಾಸನ ಇಂದಿಗೂ ಇದೆ. ಮೂರು ಭಾಷೆ ಒಂದೇ ಬಂಡೆಯ ಮೇಲೆ ಸಾವಿರ ವರ್ಷ ಜಗಳವಿಲ್ಲದೆ ಇದ್ದಾವೆ. ಕೊರತೆ ಇರುವುದು ಕೇಳಿ ಬರೆದಿಡುವ ಕೈಗಳಿಗೆ.

ಆದ್ದರಿಂದ ಸದಸ್ಯರಲ್ಲಿ, ಅದರಲ್ಲೂ ನಮ್ಮ ಅಕ್ಕ ತಂಗಿಯರಲ್ಲಿ, ಒಂದು ವಿನಂತಿ. ಮುಂದಿನ ಸಲ ನಾವು ಕೂಡುವಾಗ ಪ್ರತಿಯೊಬ್ಬರೂ ನಿಮ್ಮ ಮನೆಯ ಹಿರಿಯರಿಂದ ಕೇಳಿದ ಒಂದು ಪದ, ಒಂದು ಊರಿನ ಹಳೆಯ ಹೆಸರು ಅಥವಾ ಒಂದು ಗುಡಿಯ ಕಥೆ ಬರೆದು ತನ್ನಿ. ಕನ್ನಡ ಅಕ್ಷರ ಬಾರದಿದ್ದರೆ ತೆಲುಗಿನಲ್ಲೇ ಬರೆಯಿರಿ. ಬರೆಯಲೇ ಬಾರದಿದ್ದರೆ ಫೋನಿನಲ್ಲಿ ಹಾಡಿಸಿ ತನ್ನಿ, ನಾವು ಕೂತು ಬರೆದುಕೊಳ್ಳುತ್ತೇವೆ. ಅಕ್ಷರ ತಡವಾಗಿ ಕಲಿತ ಒಬ್ಬ ತಾಯಿ ಒಂದು ಊರಿನ ನೆನಪನ್ನು 4 ಸಾವಿರ ಪದಗಳಲ್ಲಿ ಉಳಿಸಿದರು. ನಾವು ಮನೆಗೊಂದು ಪದವನ್ನಾದರೂ ಉಳಿಸೋಣ.