ಅಲ್ವಿಸೋದ ಡಬ್ಬಿ, ಅಜ್ಜಿಯ ಭರಣಿ

ಹೋದ ಯುಗಾದಿಗೆ ನಮ್ಮ ಕನ್ನಡ ಕೂಟದ ಮಕ್ಕಳಿಗೆ ತೋರಿಸೋಣವೆಂದು ಊರಿನಿಂದ ತಂದಿದ್ದ ಉಪ್ಪಿನಕಾಯಿ ಭರಣಿಯನ್ನು ಮೇಜಿನ ಮೇಲಿಟ್ಟಿದ್ದೆ. ಮೇಲೆ ಕಂದು, ಕೆಳಗೆ ಬಿಳಿ, ಒಂದು ಗೇಣೆತ್ತರ. ಏಳೆಂಟು ವರ್ಷದ ಹುಡುಗಿಯೊಬ್ಬಳು ಬಂದು ಅದರ ಬಾಯೊಳಗೆ ಇಣುಕಿ, “ಆಂಟಿ, ಇದರಲ್ಲಿ ಹೂ ಇಡ್ತಾರಾ?” ಎಂದು ಕೇಳಿದಳು. ತಪ್ಪು ಅವಳದಲ್ಲ. ಅವಳ ಮನೆಗೆ ಉಪ್ಪಿನಕಾಯಿ ಬರುವುದು ಅಂಗಡಿಯಿಂದ, ಗಾಜಿನ ಶೀಸೆಯಲ್ಲಿ. ಭರಣಿ ಎಂದರೇನು, ಅದು ಮನೆಯಲ್ಲಿ ಯಾಕೆ ಇರುತ್ತಿತ್ತು ಎಂದು ಈ ಮಕ್ಕಳಿಗೆ ಹೇಗೆ ತಿಳಿಸಲಿ ಎಂಬುದೇ ಅಂದಿನಿಂದ ನನ್ನ ಯೋಚನೆ. ಊರಿನ ಉಗ್ರಾಣ ತೋರಿಸಲು ಎರಡು ವಿಮಾನ ಹತ್ತಬೇಕು. ಕೊನೆಗೆ ಹೊಳೆದದ್ದು ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ಹಾದಿಯಲ್ಲಿರುವ ಅಲ್ವಿಸೋ.

ಮಕ್ಕಳೇ, ಅಲ್ವಿಸೋ ನಿಮಗೆ ಗೊತ್ತು. ಸ್ಯಾನ್ ಹೋಸೆಯ ಉತ್ತರದ ತುದಿಯಲ್ಲಿ, ಕೊಲ್ಲಿಯ ನೀರಿಗೆ ತಾಗಿಕೊಂಡಿರುವ ಪುಟ್ಟ ಊರು. ಉಪ್ಪಿನ ಕೊಳಗಳ ಪಕ್ಕ ನಡೆಯುತ್ತಾ ಹಕ್ಕಿ ನೋಡಲು ಹೋಗುತ್ತೇವಲ್ಲ, ಅದೇ. ಅಲ್ಲಿ ಎಲಿಜಬೆತ್ ಬೀದಿಯೂ ಹೋಪ್ ಬೀದಿಯೂ ಸೇರುವಲ್ಲಿ ಒಂದು ಹಳೆಯ ಕಟ್ಟಡವಿದೆ. ಮುಂದಿನ ಸಲ ಹಕ್ಕಿ ನೋಡಿದ ಮೇಲೆ ಅದರ ಮುಂದೆಯೂ ಐದು ನಿಮಿಷ ನಿಲ್ಲಿ. ಅದು ಹಣ್ಣು ತರಕಾರಿಗಳನ್ನು ಡಬ್ಬಿಗೆ ತುಂಬುತ್ತಿದ್ದ ‘ಬೇಸೈಡ್ ಕ್ಯಾನಿಂಗ್ ಕಂಪನಿ’.

ನೀವು ಹುಟ್ಟಿದ ಈ ಕಣಿವೆಗೆ ‘ಸಿಲಿಕಾನ್ ವ್ಯಾಲಿ’ ಎಂಬ ಹೆಸರು ಪತ್ರಿಕೆಯಲ್ಲಿ ಬಂದದ್ದು 1971ರಲ್ಲಿ. ಅದಕ್ಕೆ ಮುಂಚೆ ಜನ ಇದನ್ನು ‘ಮನಸ್ಸಿಗೆ ಮುದ ಕೊಡುವ ಕಣಿವೆ’ ಎಂದು ಕರೆಯುತ್ತಿದ್ದರು. ಕಣ್ಣು ಹಾಯಿಸಿದಷ್ಟೂ ಏಪ್ರಿಕಾಟ್, ಪ್ರೂನ್, ಚೆರ್ರಿ ತೋಟಗಳು. ಪ್ರೂನ್ ಗಿಡ ಇಲ್ಲಿಗೆ ಬಂದದ್ದು 1856ರಲ್ಲಿ, ಲೂಯಿ ಪೆಲಿಯೆ ಎಂಬ ಫ್ರೆಂಚ್ ತೋಟಗಾರನ ಮನೆತನದಿಂದ. ಕಸಿ ಕಡ್ಡಿಗಳು ಹಡಗಿನ ದೀರ್ಘ ಪ್ರಯಾಣದಲ್ಲಿ ಒಣಗಬಾರದೆಂದು ಆಲೂಗಡ್ಡೆಗೆ ಚುಚ್ಚಿ ತಂದರು ಎಂಬ ಕತೆ ಇಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ನನ್ನ ಅಮ್ಮ ಕರಿಬೇವಿನ ಸಸಿಯ ಬೇರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೆಂಟರ ಮನೆಗೆ ಒಯ್ಯುತ್ತಿದ್ದುದು ನೆನಪಾಗುತ್ತದೆ.

ತೋಟ ಹೆಚ್ಚಿದರೆ ಒಂದು ಕಷ್ಟವಿದೆ. ಹಣ್ಣೆಲ್ಲ ಒಂದೇ ತಿಂಗಳಲ್ಲಿ ಮಾಗುತ್ತದೆ. ತಿನ್ನುವವರೆಷ್ಟು, ಕೊಳೆಯುವುದೆಷ್ಟು! 1871ರಲ್ಲಿ ಜೇಮ್ಸ್ ಡಾಸನ್ ಎಂಬ ವೈದ್ಯರು ಸ್ಯಾನ್ ಹೋಸೆಯ ತಮ್ಮ ಮನೆಯಲ್ಲೇ ಒಲೆ ಹೂಡಿ ಹಣ್ಣು ಬೇಯಿಸಿ ಡಬ್ಬಿಗೆ ತುಂಬಿ ಮಾರತೊಡಗಿದರು. ಈ ಕಣಿವೆಯ ಕ್ಯಾನರಿಗಳು, ಅಂದರೆ ಡಬ್ಬಿ ತುಂಬುವ ಕಾರ್ಖಾನೆಗಳು, ಶುರುವಾದದ್ದೇ ಹಾಗೆ, ಅಡುಗೆಯ ಒಲೆಯ ಮೇಲೆ.

ನಾನು ಹೇಳಬೇಕೆಂದಿರುವುದು ಅಲ್ವಿಸೋದ ಬೇಸೈಡನ್ನು ಬೆಳೆಸಿದ ಥಾಮಸ್ ಫೂನ್ ಚ್ಯೂ ಅವರ ಕತೆ. ಚೀನಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಪ್ಪನ ಬಳಿಗೆ ಸ್ಯಾನ್ ಫ್ರಾನ್ಸಿಸ್ಕೋಕ್ಕೆ ಬಂದವರು. ಅಪ್ಪನಿಗೆ ಅಲ್ಲೊಂದು ಚಿಕ್ಕ ಕ್ಯಾನರಿಯಿತ್ತು. 1906ರ ಭೂಕಂಪದಲ್ಲಿ ಅದು ನಾಶವಾಯಿತು. ಕುಟುಂಬ ಎದೆಗುಂದಲಿಲ್ಲ. ಅಲ್ವಿಸೋಕ್ಕೆ ಬಂದು ಮತ್ತೆ ಕಾರ್ಖಾನೆ ಕಟ್ಟಿತು. ತೋಟಗಳು ಹತ್ತಿರ, ರೈಲು ಬಾಗಿಲಿಗೇ ಬರುತ್ತಿತ್ತು, ಕೊಲ್ಲಿಯಲ್ಲಿ ದೋಣಿ ಸಾಗುತ್ತಿತ್ತು. ಮಗ ಕೈಯಾಡಿಸಿದ ಮೇಲೆ ಬೇಸೈಡ್ ಎಷ್ಟು ಬೆಳೆಯಿತೆಂದರೆ, 1920ರ ದಶಕದಲ್ಲಿ ಇಡೀ ಅಮೆರಿಕದ ಕ್ಯಾನರಿಗಳಲ್ಲಿ ಡೆಲ್ ಮಾಂಟೆ, ಲಿಬ್ಬಿ ಬಿಟ್ಟರೆ ಇದೇ ಎನ್ನುವಷ್ಟು.

ಅವರಿಗೆ ಹೆಸರು ತಂದುಕೊಟ್ಟದ್ದು ಹಣ್ಣಲ್ಲ, ಆಸ್ಪರಾಗಸ್. ನಮ್ಮೂರ ಕಾಡಿನಲ್ಲಿ ಸಿಗುವ ಶತಾವರಿಯ ಹತ್ತಿರದ ನೆಂಟ ಅದು. ಶತಾವರಿಗೆ ನಮ್ಮಲ್ಲಿ ‘ಹಲವು ಮಕ್ಕಳ ತಾಯಿ ಬೇರು’ ಎಂದೂ ಹೆಸರು. ಒಂದು ಗಿಡದ ಬುಡ ಅಗೆದರೆ ಗೊಂಚಲು ಗೊಂಚಲಾಗಿ ಬೇರು ಬರುತ್ತದೆ, ಅದಕ್ಕೆ. (ಮಕ್ಕಳೇ, ಈ ಹೆಸರನ್ನು ಗಟ್ಟಿಯಾಗಿ ಒಮ್ಮೆ ಹೇಳಿ ನೋಡಿ.) ಅಲ್ಲಿಯವರೆಗೆ ಡಬ್ಬಿಗೆ ಬರುತ್ತಿದ್ದುದು ಹೆಚ್ಚಾಗಿ ಬಿಳಿ ಆಸ್ಪರಾಗಸ್. ಹಸಿರನ್ನು ಡಬ್ಬಿಗೆ ತಂದವರಲ್ಲಿ ಚ್ಯೂ ಮೊದಲಿಗರು. ಅದಕ್ಕಾಗಿ ನದಿ ಮುಖಜ ಭೂಮಿಯ ಐಸಲ್ಟನ್‌ನಲ್ಲಿ, ಬೆಳೆಯುವ ಹೊಲಗಳ ಪಕ್ಕದಲ್ಲೇ ಇನ್ನೊಂದು ಕ್ಯಾನರಿ ನಡೆಸಿದರು. ಜನ ಅವರನ್ನು ‘ಆಸ್ಪರಾಗಸ್ ರಾಜ’ ಎಂದೇ ಕರೆದರು.

ಆ ಕಾಲ ಎಂಥದು ಎಂಬುದನ್ನು ಹೆತ್ತವರು ಮಕ್ಕಳಿಗೆ ಹೇಳಬೇಕು. ಚೀನೀ ಕೂಲಿಗಳು ಈ ದೇಶಕ್ಕೆ ಬರಬಾರದೆಂದು 1882ರಲ್ಲೇ ಕಾನೂನಾಗಿತ್ತು. ವಲಸೆ ಬಂದ ಚೀನೀಯರಿಗೆ ಪೌರತ್ವದ ದಾರಿ ತೆರೆದದ್ದು 1943ರಲ್ಲಿ. ನಮ್ಮವರ ಪಾಡೂ ಬೇರೆಯಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಭಾರತೀಯರಿಗೂ ಪೌರತ್ವ ಸಲ್ಲದು ಎಂದು ಇಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅದು ಸಡಿಲವಾದದ್ದು 1946ರಲ್ಲಿ. ಅಂಥ ದಿನಗಳಲ್ಲಿ ಒಬ್ಬ ಚೀನೀ ವಲಸಿಗ ನೂರಾರು ಜನಕ್ಕೆ ಕೆಲಸ ಕೊಟ್ಟರು. ಅವರಲ್ಲಿ ಚೀನೀಯರಷ್ಟೇ ಅಲ್ಲ, ಬೇರೆ ಬೇರೆ ದೇಶಗಳಿಂದ ಬಂದವರಿದ್ದರು. ಕೆಲಸಗಾರರಿಗೆ ಉಳಿಯಲು ಮನೆಗಳನ್ನೂ ಕಟ್ಟಿಸಿದರು. ನನಗೆ ಅವರು ದೊಡ್ಡವರಾಗಿ ಕಾಣುವುದು ಇಲ್ಲಿ.

ಡಬ್ಬಿಯೊಳಗೆ ಹಣ್ಣು ಕೆಡದಿರುವುದು ಹೇಗೆ? ಹಣ್ಣನ್ನು ಸೀಳಿ, ಬೀಜ ತೆಗೆದು, ತಗಡಿನ ಡಬ್ಬಿಗೆ ತುಂಬುತ್ತಾರೆ. ಮೇಲೆ ಸಕ್ಕರೆ ಪಾಕ ಸುರಿಯುತ್ತಾರೆ. ಒಳಗಿನ ಗಾಳಿ ಹೋಗುವಂತೆ ಬಿಸಿ ಮಾಡಿ, ಮುಚ್ಚಳ ಬಿಗಿದು, ಡಬ್ಬಿ ಸಮೇತ ಬೇಯಿಸುತ್ತಾರೆ. ಆಮೇಲೆ ತಣ್ಣೀರಿಗೆ. ಹೀಗೆ ಮುಚ್ಚಿ ಬೇಯಿಸಿ ಕೆಡದಂತೆ ಇಡುವ ಕ್ರಮವನ್ನು ಮೊದಲು ಕಂಡುಹಿಡಿದವರು ಫ್ರಾನ್ಸಿನ ನಿಕೋಲಾ ಅಪೇರ್ ಎಂಬ ಮಿಠಾಯಿಗಾರ. 1810ರಲ್ಲಿ ಅಲ್ಲಿನ ಸರ್ಕಾರದಿಂದ ಅವರಿಗೆ 12,000 ಫ್ರಾಂಕ್ ಬಹುಮಾನ ಸಿಕ್ಕಿತು. ಕೆಡಿಸುವುದು ಕಣ್ಣಿಗೆ ಕಾಣದ ಜೀವಿಗಳು ಎಂದು ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು ಇನ್ನೂ ಎಷ್ಟೋ ವರ್ಷಗಳ ನಂತರ.

ನನ್ನ ಅಜ್ಜಿಗೆ ಈ ಯಾರ ಹೆಸರೂ ಗೊತ್ತಿರಲಿಲ್ಲ. ಆದರೆ ಪುತ್ತೂರಿನ ಕಡೆಯ ನಮ್ಮ ಮನೆಯಲ್ಲಿ ಮೇ ತಿಂಗಳು ಬಂತೆಂದರೆ ಅದೇ ಒಂದು ಕಾರ್ಖಾನೆ. ಬೆಳಗ್ಗೆ ನಾವು ಮಕ್ಕಳು ತೋಟಕ್ಕೆ ಓಡಿ, ರಾತ್ರಿಯ ಗಾಳಿಗೆ ಉದುರಿದ ಕಾಟು ಮಾವಿನ ಹಣ್ಣನ್ನು ಬುಟ್ಟಿ ತುಂಬ ಹೆಕ್ಕಿ ತರಬೇಕು. ಅಜ್ಜಿ ತೊಳೆದು, ತೊಟ್ಟು ಮುರಿದು ಸೊನೆ ಹಿಂಡಿ ತೆಗೆದು, ಹಣ್ಣನ್ನು ಕೈಯಲ್ಲಿ ಹಿಚುಕಿ ರಸ ತೆಗೆಯುತ್ತಿದ್ದರು. ಅಂಗಳದಲ್ಲಿ ಚಾಪೆ ಹಾಸಿ, ಆ ರಸವನ್ನು ಅಂಗೈಯಿಂದ ತೆಳ್ಳಗೆ ಹರಡುವುದು. ಸಂಜೆಗೆ ಒಳಗೆ, ಮಾರನೆಯ ದಿನ ಮತ್ತೆ ಹೊರಗೆ, ಒಣಗಿದ ಪದರದ ಮೇಲೆ ಹೊಸ ರಸ. ಹೀಗೆ ಹತ್ತು ಹದಿನೈದು ದಿನ. ಕಾಗೆ ಕಾಯುವುದು ನನ್ನ ಕೆಲಸ, ಕೈಯಲ್ಲೊಂದು ಕೋಲು. ಮೂಡಲಲ್ಲಿ ಗುಡುಗಿದರೆ ಮನೆಯವರೆಲ್ಲ ಅಂಗಳಕ್ಕೆ ಓಡಿ ಚಾಪೆಯ ನಾಲ್ಕೂ ಮೂಲೆ ಹಿಡಿದು ಜಗಲಿಗೆ ತರುತ್ತಿದ್ದೆವು. ಕೊನೆಗೆ ಅದು ಬೆರಳು ದಪ್ಪದ, ಕಪ್ಪು ಹೊನ್ನಿನ ಬಣ್ಣದ ಹಾಳೆಯಾಗುತ್ತದೆ, ಮೇಲೆ ಚಾಪೆಯ ನೇಯ್ಗೆಯ ಅಚ್ಚು ಹಾಗೇ ಮೂಡಿರುತ್ತದೆ. ಅದಕ್ಕೆ ಮಾಂಬಳ ಎನ್ನುತ್ತೇವೆ. ಆಟಿ ತಿಂಗಳ ಮಳೆಯಲ್ಲಿ ತರಕಾರಿ ಸಿಗದ ದಿನ ಅದರದೊಂದು ತುಂಡು ನೆನೆಸಿ, ಹಸಿಮೆಣಸು ಬೆಲ್ಲ ಹಾಕಿ ಗೊಜ್ಜು ಮಾಡಿದರೆ ಬಡಿಸಿದ ಅನ್ನ ಸಾಲದು.

ಹಲಸಿನದು ಬೇರೆಯೇ ಸಂಭ್ರಮ. ಬೆಳೆದ ಕಾಯಿಯ ಸೊಳೆಯನ್ನು ಉಪ್ಪು ಹಾಕಿ ಭರಣಿಯಲ್ಲಿ ಒತ್ತಿ ತುಂಬಿ, ಮೇಲೆ ಕಲ್ಲು ಹೇರಿ ಇಟ್ಟರೆ ಅದು ಉಪ್ಪು ಸೊಳೆ. ಮಳೆಗಾಲ ಪೂರ್ತಿ ರೊಟ್ಟಿ, ಪಲ್ಯ, ಉಂಡ್ಲಕಾಳು. ಹಣ್ಣನ್ನು ಬೆಲ್ಲದೊಂದಿಗೆ ಗಂಟೆಗಟ್ಟಲೆ ಕಾಯಿಸಿ ಗಟ್ಟಿ ಮಾಡಿದರೆ ಬೆರಟಿ. ಉಪ್ಪು, ಬೆಲ್ಲ, ಬಿಸಿಲು, ಬೆಂಕಿ ಇಷ್ಟರಿಂದಲೇ ಅಜ್ಜಿ ಮೂರು ತಿಂಗಳ ಮಳೆಯನ್ನು ದಾಟಿಸುತ್ತಿದ್ದರು. ಭರಣಿ ಇದ್ದದ್ದು ಇದಕ್ಕೆ, ಪುಟ್ಟಿ. ಹೂವಿಗಲ್ಲ.

ನನ್ನ ವಯಸ್ಸಿನ ಹೆತ್ತವರಿಗೂ ಒಂದು ಮಾತು. ಪಾಲೋ ಆಲ್ಟೊದ ಪೋರ್ಟೇಜ್ ರಸ್ತೆಯಲ್ಲಿದ್ದ ಫ್ರೈಸ್ ಅಂಗಡಿ ನೆನಪಿದೆಯೇ? ನಾವು ಹೊಸದಾಗಿ ಬಂದಾಗ ಶನಿವಾರ ಬಂತೆಂದರೆ ಅಲ್ಲಿಗೇ ಹೋಗುತ್ತಿದ್ದೆವು. ನಮ್ಮ ಮೊದಲ ಕಂಪ್ಯೂಟರಿನ ಬಿಡಿಭಾಗಗಳೆಲ್ಲ ಅಲ್ಲಿಂದ ಬಂದವು. ಆ ಕಟ್ಟಡದ ಎತ್ತರದ ಬೆಳಕಿಂಡಿಗಳನ್ನು ನೋಡಿದ್ದೆನಾದರೂ ಯಾಕೆ ಹಾಗಿವೆ ಎಂದು ಯೋಚಿಸಿರಲಿಲ್ಲ. ಅದು 1918ರಲ್ಲಿ ಥಾಮಸ್ ಫೂನ್ ಚ್ಯೂ ಕಟ್ಟಿಸಿದ ಕ್ಯಾನರಿ. ಇಷ್ಟು ವರ್ಷ ಅವರದೇ ಸೂರಿನಡಿ ತಿರುಗಾಡಿಯೂ ನಮಗೆ ಅವರ ಹೆಸರು ಗೊತ್ತಿರಲಿಲ್ಲ. ಇದು ನನ್ನನ್ನು ಬಹಳ ಕಾಡಿತು. ನಾವು ಬಿಟ್ಟು ಬಂದ ಊರಿನ ಕತೆಯನ್ನು ಮಕ್ಕಳಿಗೆ ಹೇಳಲಿಲ್ಲ, ಬಂದು ನೆಲೆಸಿದ ಊರಿನ ಕತೆಯನ್ನು ನಾವು ಕೇಳಲಿಲ್ಲ.

ಚ್ಯೂ 1931ರಲ್ಲಿ, ಇನ್ನೂ 42ರ ಪ್ರಾಯದಲ್ಲಿ ತೀರಿಕೊಂಡರು. ದೇಶದಲ್ಲಿ ಆಗ ಆರ್ಥಿಕ ಕುಸಿತ. ಐದು ವರ್ಷದಲ್ಲಿ ಬೇಸೈಡ್ ಬಾಗಿಲು ಹಾಕಿತು. ಕಣಿವೆಯ ಉಳಿದ ಕ್ಯಾನರಿಗಳೂ ಒಂದೊಂದಾಗಿ ಹೋದವು, ತೋಟಗಳ ಜಾಗದಲ್ಲಿ ನಮ್ಮ ಮನೆಗಳೂ ಆಫೀಸುಗಳೂ ಬಂದವು. ಸನಿವೇಲಿನಲ್ಲಿ ಹಣ್ಣಿನ ಡಬ್ಬಿಯಂತೆ ಬಣ್ಣ ಬಳಿದ ಲಿಬ್ಬಿಯ ನೀರಿನ ಟ್ಯಾಂಕು ಇನ್ನೂ ನಿಂತಿದೆ.

ಸನಿವೇಲಿನ ಸಮುದಾಯ ಭವನದ ಪಕ್ಕದಲ್ಲಿ 10 ಎಕರೆ ಏಪ್ರಿಕಾಟ್ ತೋಟವನ್ನು ನಗರದವರು ಹಾಗೇ ಉಳಿಸಿದ್ದಾರೆ. ಬೇಸಿಗೆಯ ಮೊದಲಲ್ಲಿ ಹಣ್ಣಾಗುತ್ತದೆ. ಈ ಸಲ ಮಕ್ಕಳನ್ನು ಕರೆದುಕೊಂಡು ಹೋಗಿ ಒಂದು ಬುಟ್ಟಿ ಏಪ್ರಿಕಾಟ್ ತನ್ನಿ. ಅಂದೇ ರಾತ್ರಿ ಊರಿಗೆ ಫೋನು ಮಾಡಿ, ಮಾಂಬಳ ಹಾಕುವ ಕ್ರಮವನ್ನು ಮಕ್ಕಳೇ ಅಜ್ಜಿಯನ್ನು ಕನ್ನಡದಲ್ಲಿ ಕೇಳಲಿ. ಹಿತ್ತಲಲ್ಲಿ ಚಾಪೆ ಹಾಸಿ. ಇಲ್ಲಿ ಜುಲೈಯಲ್ಲಿ ಮಳೆಯ ಭಯವಿಲ್ಲ, ಕಾಗೆ ಮಾತ್ರ ಕಾಯಬೇಕು.