ಅಂಕಿಯೊಳಗೆ ಹಿಡಿಸದ ಮನುಷ್ಯ: ಚಾರ್ಲ್ಸ್ ಡಿಕನ್ಸ್

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡ್ ಎಂದರೆ ಉಗಿಯಂತ್ರಗಳ, ಗಿರಣಿಗಳ, ರೈಲುಗಳ ಇಂಗ್ಲೆಂಡ್. ಆ ವೈಭವದ ಹೊಗೆಯಲ್ಲಿ ಉಸಿರುಗಟ್ಟಿದ ಬಡವರನ್ನು ಕಾದಂಬರಿಯ ನಡುಮನೆಗೆ ಕರೆತಂದವರಲ್ಲಿ ಚಾರ್ಲ್ಸ್ ಡಿಕನ್ಸ್ ಅಗ್ರಗಣ್ಯನು. ಆತನ ಬಾಳನ್ನೂ ‘ಹಾರ್ಡ್ ಟೈಮ್ಸ್’ ಎಂಬ ಆತನ ಕಾದಂಬರಿಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮ್ಮಂಥ ಮಾಸ್ತರರಿಗೆ ಒಂದು ಪಾಠ ಸಿಗುತ್ತದೆ.

ಡಿಕನ್ಸ್ ಹುಟ್ಟಿದ್ದು 1812ರ ಫೆಬ್ರುವರಿ 7ರಂದು, ಪೋರ್ಟ್ಸ್‌ಮತ್ ಎಂಬ ಬಂದರು ಊರಿನಲ್ಲಿ. ತಂದೆ ಜಾನ್ ನೌಕಾಪಡೆಯ ಸಂಬಳ ಕಚೇರಿಯ ಗುಮಾಸ್ತ. ಆದಾಯಕ್ಕಿಂತ ಖರ್ಚೇ ಹೆಚ್ಚಾದ ಸಂಸಾರ. 1824ರಲ್ಲಿ ಸುಮಾರು 40 ಪೌಂಡ್ ಸಾಲ ತೀರಿಸಲಾಗದೆ ತಂದೆ ಲಂಡನ್ನಿನ ಮಾರ್ಷಲ್ಸೀ ಸೆರೆಮನೆ ಸೇರಿದನು. ಹನ್ನೆರಡು ವರ್ಷದ ಚಾರ್ಲ್ಸ್ ಥೇಮ್ಸ್ ನದಿಯ ದಂಡೆಯ ಬೂಟ್‌ಪಾಲಿಶ್ ಕಾರ್ಖಾನೆಯಲ್ಲಿ ವಾರಕ್ಕೆ ಆರು ಶಿಲಿಂಗ್ ಕೂಲಿಗೆ ಪಾಲಿಶ್ ಕುಡಿಕೆಗಳಿಗೆ ಚೀಟಿ ಅಂಟಿಸುತ್ತ ನಿಂತನು. ಕೆಲವೇ ತಿಂಗಳಲ್ಲಿ ತಂದೆಗೆ ಬಿಡುಗಡೆಯಾಯಿತು. ಆದರೂ ಮಗ ಕಾರ್ಖಾನೆಗೇ ಹೋಗಲಿ ಎಂಬುದು ತಾಯಿಯ ಇಚ್ಛೆಯಾಗಿತ್ತು. ಅದನ್ನು ಆತ ಕೊನೆಯವರೆಗೂ ಮರೆಯಲಿಲ್ಲ. ಈ ಸಂಗತಿ ಲೋಕಕ್ಕೆ ತಿಳಿದದ್ದು ಆತ ಸತ್ತ ತರುವಾಯ, ಗೆಳೆಯ ಜಾನ್ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದ.

ಮುಂದೆ ಕೆಲಕಾಲ ಶಾಲೆ, 1827ರಲ್ಲಿ ವಕೀಲರ ಕಚೇರಿಯಲ್ಲಿ ಗುಮಾಸ್ತಗಿರಿ, ಶೀಘ್ರಲಿಪಿ ಕಲಿತು ಪಾರ್ಲಿಮೆಂಟಿನ ವರದಿಗಾರಿಕೆ. 1836ರಲ್ಲಿ ‘ಪಿಕ್‌ವಿಕ್ ಪೇಪರ್ಸ್’ ಕಂತುಗಳಲ್ಲಿ ಹೊರಡಲಾರಂಭಿಸಿ ಆತನ ಹೆಸರು ಮನೆಮಾತಾಯಿತು.

ಆ ಕಾಲದ ಆಡಳಿತಗಾರರ ಮೇಲೆ ಉಪಯುಕ್ತತಾವಾದದ ಪ್ರಭಾವ ಬಹಳವಾಗಿತ್ತು. ಹೆಚ್ಚು ಜನಕ್ಕೆ ಹೆಚ್ಚು ಸುಖ ತರುವುದೇ ಒಳ್ಳೆಯ ಕಾಯಿದೆಯ ಗುರಿ ಎಂದು ಜೆರಮಿ ಬೆಂಥಮ್ ಸಾರಿದ್ದನು. ಉದ್ದೇಶ ಕೆಟ್ಟದ್ದಲ್ಲ. ಆದರೆ ಸುಖವನ್ನು ಲೆಕ್ಕ ಹಾಕಲು ಹೊರಟವರು ಮನುಷ್ಯನ ಮುಖ ನೋಡುವುದನ್ನು ಮರೆತರು. ಬೆಂಥಮನ ಶಿಷ್ಯ ಜೇಮ್ಸ್ ಮಿಲ್ ಹಿಂದೂದೇಶಕ್ಕೆ ಕಾಲಿಡದೆಯೇ 1817ರಲ್ಲಿ ಅದರ ದೊಡ್ಡ ಇತಿಹಾಸ ಬರೆದು ನಮ್ಮ ಜನರ ಯೋಗ್ಯತೆ ತೀರ್ಮಾನಿಸಿದ್ದನ್ನು ಇಲ್ಲಿ ನೆನೆಯಬಹುದು.

1853ರಲ್ಲಿ ಪ್ರೆಸ್ಟನ್ ಊರಿನ ಹತ್ತಿ ಗಿರಣಿ ಕಾರ್ಮಿಕರು ಶೇ. 10ರಷ್ಟು ಹೆಚ್ಚಿನ ಕೂಲಿ ಕೇಳಿದರು. ಮಾಲಿಕರು ಗಿರಣಿಗಳಿಗೆ ಬೀಗ ಹಾಕಿದರು. 1854ರ ಜನವರಿಯಲ್ಲಿ ಡಿಕನ್ಸ್ ಅಲ್ಲಿಗೆ ಹೋಗಿ ಕಣ್ಣಾರೆ ಕಂಡು ಬಂದನು. ಅದೇ ವರ್ಷ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ತನ್ನದೇ ವಾರಪತ್ರಿಕೆಯಲ್ಲಿ ‘ಹಾರ್ಡ್ ಟೈಮ್ಸ್’ ಪ್ರಕಟಿಸಿದನು.

ಕತೆ ನಡೆಯುವುದು ಕೋಕ್‌ಟೌನ್ ಎಂಬ ಗಿರಣಿ ಊರಿನಲ್ಲಿ. ಗ್ರ್ಯಾಡ್‌ಗ್ರೈಂಡ್ ಎಂಬಾತ ನಡೆಸುವ ಶಾಲೆಯಲ್ಲಿ ಸಂಗತಿ ಮತ್ತು ಅಂಕಿಸಂಖ್ಯೆಗಳ ಹೊರತು ಬೇರೇನಕ್ಕೂ ಸ್ಥಳವಿಲ್ಲ. ಸರ್ಕಸ್ಸಿನ ಕುದುರೆಗಳ ನಡುವೆ ಬೆಳೆದ ಸಿಸಿ ಎಂಬ ಹುಡುಗಿಗೆ ಕುದುರೆಯ ಲಕ್ಷಣ ಹೇಳಲು ಬಾರದು. ಬಿಟ್ಸರ್ ಎಂಬ ಹುಡುಗ ಹಲ್ಲುಗಳ ಎಣಿಕೆ ಸಹಿತ ಒಪ್ಪಿಸಿ ಜಾಣನೆನಿಸುತ್ತಾನೆ.

ಇಲ್ಲಿ ನಮ್ಮದೊಂದು ತಪ್ಪು ಒಪ್ಪಿಕೊಳ್ಳಬೇಕು. ನಾವು ಪಾಠ ಹೇಳುವುದು ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಮಾಡಗ್ಯಾಳದ ಸೀಮೆಯಲ್ಲಿ. ಬಾಗಿದ ಮೂಗಿನ, ಬಿಳಿ ಮೈಮೇಲೆ ಕಂದು ಮಚ್ಚೆಯ ಮಾಡಗ್ಯಾಳ ಕುರಿ ದೂರದವರೆಗೂ ಹೆಸರಾದದ್ದು. ಒಮ್ಮೆ ತರಗತಿಯಲ್ಲಿ ಮೆಲುಕು ಹಾಕುವ ಪ್ರಾಣಿಗಳ ಲಕ್ಷಣ ಕೇಳಿದೆವು. ಕುರಿ ಕಾಯುವ ಮನೆಯ ಹುಡುಗನೊಬ್ಬ ಬಾಯಿ ಬಿಡಲಿಲ್ಲ. ಸೊನ್ನೆ ಹಾಕಿದೆವು. ಹಿಂಡಿನಲ್ಲಿ ಯಾವ ಕುರಿಗೆ ಜಡ್ಡಾಗಿದೆ ಎಂಬುದನ್ನು ಅದರ ನಡಿಗೆಯಿಂದಲೇ ಹೇಳಬಲ್ಲ ಹುಡುಗನವನು. ಈ ಕಾದಂಬರಿ ಓದಿದ ದಿನ ಆ ಸೊನ್ನೆ ನಮಗೇ ಸಲ್ಲಬೇಕಾದದ್ದು ಎನಿಸಿತು.

ಗ್ರ್ಯಾಡ್‌ಗ್ರೈಂಡನ ಲೆಕ್ಕ ಮೊದಲು ಕೆಡುವುದು ಅವನ ಮನೆಯಲ್ಲಿಯೇ. ಮಗಳು ಲೂಯಿಸಾಳನ್ನು ಅಂಕಿಅಂಶ ತೋರಿಸಿ ಮೂವತ್ತು ವರ್ಷ ಹಿರಿಯನಾದ ಗಿರಣಿ ಮಾಲಿಕ ಬೌಂಡರ್‌ಬಿಗೆ ಮದುವೆ ಮಾಡಿಸುತ್ತಾನೆ. ಆ ಬಾಳು ಮುರಿಯುತ್ತದೆ. ಮಗ ಟಾಮ್ ಬ್ಯಾಂಕಿನ ಹಣ ಕದ್ದು, ಸ್ಟೀಫನ್ ಬ್ಲ್ಯಾಕ್‌ಪೂಲ್ ಎಂಬ ಬಡ ನೇಕಾರನ ಮೇಲೆ ಅನುಮಾನ ಬರುವಂತೆ ಮಾಡುತ್ತಾನೆ. ಮಗನನ್ನು ಹಿಡಿಯಲು ಬಂದವನು ಅದೇ ಜಾಣ ಬಿಟ್ಸರ್. ಹಳೆಯ ಗುರು ಕೈಮುಗಿದು ಬೇಡಿದರೆ, ಸ್ವಲಾಭ ನೋಡುವುದೇ ಶಾಲೆಯಲ್ಲಿ ಕಲಿತ ವಿದ್ಯೆಯೆಂದು ಅವನ ಉತ್ತರ. ಕೊನೆಗೆ ನೆರವಾಗುವವರು ಸರ್ಕಸ್ಸಿನವರು.

ಕಾದಂಬರಿಯಲ್ಲಿ ಕೊರತೆಯೂ ಉಂಟು. ಕಾರ್ಮಿಕ ಸಂಘದ ಮುಂದಾಳನ್ನು ಡಿಕನ್ಸ್ ಬರಿಯ ಬಾಯಿಬಡುಕನನ್ನಾಗಿ ಚಿತ್ರಿಸಿದನು. ಬಡವರ ಕಷ್ಟಕ್ಕೆ ಮರುಗಿದನೇ ಹೊರತು ಅವರ ಒಗ್ಗಟ್ಟನ್ನು ನಂಬಲಿಲ್ಲ. ಆದರೆ ಶಾಲೆಯ ವಿಷಯದಲ್ಲಿ ಆತನ ದೃಷ್ಟಿ ತಪ್ಪಲಿಲ್ಲ. 1862ರಲ್ಲಿ ಇಂಗ್ಲೆಂಡಿನ ಸರಕಾರ ಪರೀಕ್ಷೆಯ ಫಲಿತಾಂಶ ನೋಡಿ ಶಾಲೆಗಳಿಗೆ ಅನುದಾನ ಕೊಡುವ ಪದ್ಧತಿ ತಂದಿತು. ಆ ಬಗೆಯ ಪದ್ಧತಿ ನಮ್ಮ ದೇಶಕ್ಕೂ ಬಂತು.

1870ರ ಜೂನ್ 9ರಂದು, 58ನೆಯ ವಯಸ್ಸಿನಲ್ಲಿ, ಒಂದು ಕಾದಂಬರಿ ಅರ್ಧಕ್ಕೇ ಉಳಿದಿರಲು ಡಿಕನ್ಸ್ ತೀರಿಕೊಂಡನು. ಒಮ್ಮೆ ಚೀಟಿ ಅಂಟಿಸುತ್ತಿದ್ದ ಹುಡುಗನಿಗೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿಯ ಗೌರವ ದೊರೆಯಿತು.

ಜತ್ತವಾಗಲಿ ಕಾಸರಗೋಡಾಗಲಿ, ಗಡಿಯ ಕನ್ನಡ ಶಾಲೆಗೆ ಮೊದಲು ಬರುವ ಪ್ರಶ್ನೆ ಮಕ್ಕಳೆಷ್ಟು ಎಂಬುದು. ಅದನ್ನು ಕೇಳಲಿ, ಹಾಜರಿ ಪುಸ್ತಕ ಬೇಕೇ ಬೇಕು. ಆದರೆ ಮಕ್ಕಳು ಯಾರು, ಏನು ಬಲ್ಲರು ಎಂಬ ಎರಡನೆಯ ಪ್ರಶ್ನೆಯನ್ನು ಮಾಸ್ತರರಾದ ನಾವಾದರೂ ಕೇಳಬೇಕು. ನಾವು ಕೇಳದಿದ್ದರೆ ಬೇರೆ ಯಾರೂ ಕೇಳುವುದಿಲ್ಲ.